ತೊಗಲಿನ ಒಳಮೈ, ಹೊರಮೈ

ವಯೋಮಿಂಗಿನಲ್ಲೋ ಆರೆಗನ್ನಿನಲ್ಲೋ ಒಬ್ಬ ಜೀನುಗಾರ ಈಗಷ್ಟೇ ಮುಗಿಸಿ ಗೂಟಕ್ಕೇರಿಸಿದ ಜೀನನ್ನು ನೋಡಿದವರಿಗೆ ಮೊದಲು ಕಾಣುವುದು ಅದರ ಎರಡು ಬಗೆ. ಕುದುರೆಯ ಪಕ್ಕೆಗೆ ಇಳಿಬೀಳುವ ಅಗಲ ಹಾಸಿನ ಮೇಲೆ ಬುಟ್ಟಿ ಹೆಣೆದಂಥ ಅಚ್ಚು. ಒಂದೊಂದು ಎಳೆಯನ್ನೂ ಬೆರಳಿಟ್ಟು ಎಣಿಸಬಹುದು, ಅಷ್ಟು ಚೊಕ್ಕ. ಅದರಿಂದ ಒಂದು ಗೇಣು ಮೇಲೆ, ಸವಾರ ಕೂರುವ ಕಡೆ ಮತ್ತು ಅವನ ತೊಡೆ ಒತ್ತುವ ಕಡೆ, ತೊಗಲು ಒರಟು, ಮಂಕು, ಚಪ್ಪಲಿಯ ಒಳಪದರವನ್ನು ಹೊರಗೆ ತಿರುವಿದಂತೆ. ಗೊತ್ತಿಲ್ಲದವರು ಇದನ್ನು ಅರ್ಧಕ್ಕೆ ನಿಂತ ಕೆಲಸ ಎಂದುಕೊಂಡರೆ ತಪ್ಪಿಲ್ಲ. ಗೊತ್ತಿದ್ದವರು ಕೊಡುವ ವಿವರಣೆ ಬೇರೆ: ಒರಟು ಭಾಗ ಕೆಲಸಕ್ಕೆ, ಅಚ್ಚಿನ ಭಾಗ ಅಂದಕ್ಕೆ. ಈ ಎರಡನೆಯದೇ ಹೆಚ್ಚು ದಾರಿ ತಪ್ಪಿಸುವಂಥದು ಎನ್ನುವುದು ನನ್ನ ವಾದ. ಕೆಲಸ ಇತ್ತ, ಅಂದ ಅತ್ತ ಎಂದು ಗೆರೆ ಎಳೆದ ಕೂಡಲೇ ಈ ಕಸುಬಿನ ತಿರುಳು ಕೈತಪ್ಪುತ್ತದೆ. ಒರಟಾಗಿ ಬಿಟ್ಟದ್ದೂ ಅಚ್ಚೊತ್ತಿದ್ದೂ ಒಂದೇ ಪ್ರಶ್ನೆಗೆ ಕೊಟ್ಟ ಉತ್ತರಗಳು: ಸವಾರನ ಮೈ ಜೀನಿನ ಯಾವ ಜಾಗದಲ್ಲಿ ಅಂಟಬೇಕು, ಯಾವ ಜಾಗದಲ್ಲಿ ಜಾರಬೇಕು, ಯಾವ ಜಾಗ ಪೆಟ್ಟು ಗೀರು ತಿಂದುಕೊಂಡು ಸುಮ್ಮನೆ ಬಾಳಬೇಕು? ಆ ತೀರ್ಮಾನದಲ್ಲಿ ಜೀನುಗಾರನ ಬುದ್ಧಿ ಇದೆ. ಕೊಂಡವನು ಹಣ ಕೊಡುವುದು ಅದಕ್ಕೆ, ಬರೀ ಕೈಗೆ ಅಲ್ಲ.

ಕನ್ನಡದಲ್ಲಿ ಈ ವಸ್ತುವಿಗೆ ಹೆಸರು ಬೇಕಾದಷ್ಟಿವೆ. ಹಳಗನ್ನಡದ ಪಲ್ಲಣ ಮುಂದೆ ಹಲ್ಲಣವಾಯಿತು. ತಡಿ ಎಂದೂ ಕರೆದೆವು. ಪಾರಸಿಯ ಜೀನ್ ಬಂದು ಜೀನು ಆಗಿ ಉಳಿಯಿತು, ಆ ಕಸುಬಿನಿಂದಲೇ ಜೀನಗಾರರೆಂಬ ಹೆಸರು ಹೊತ್ತ ಸಮುದಾಯವೂ ನಮ್ಮಲ್ಲಿದೆ. ಆದರೆ ಈ ಹೆಸರುಗಳ ಹಿಂದೆ ನಮ್ಮ ಮನಸ್ಸಿಗೆ ಬರುವುದು ದಂಡು, ಮೆರವಣಿಗೆ, ಪಯಣ. ಮೊದಲು ನೋಡಿದ ಅಮೆರಿಕದ ವೆಸ್ಟರ್ನ್ ಜೀನು ದನಗಾಹಿಯ ಹತಾರ. 1519ರಲ್ಲಿ ಸ್ಪೇನಿನ ದಾಳಿಕಾರ ಕೋರ್ಟೆಸ್ ಮೆಕ್ಸಿಕೋ ತೀರಕ್ಕೆ ಇಳಿಸಿದ 16 ಕುದುರೆಗಳ ಹಿಂದೆಯೇ ಸ್ಪೇನಿನ ಯುದ್ಧದ ಜೀನೂ ಆ ನೆಲಕ್ಕೆ ಬಂತು. ಅಲ್ಲಿನ ದನಗಾಹಿಗಳಾದ ವಾಕೆರೊಗಳ ಕೈಗೆ ಸಿಕ್ಕ ಮೇಲೆ ಅದರ ಮುಂಭಾಗಕ್ಕೆ ಒಂದು ಕೊಂಬು ಮೂಡಿತು. ಓಡುವ ಹೋರಿಯ ಕೊರಳಿಗೆ ಕುಣಿಕೆ ಬಿದ್ದ ಕ್ಷಣವೇ ಹಗ್ಗದ ಈ ತುದಿಯನ್ನು ಕೊಂಬಿಗೆ ಸುತ್ತಬೇಕು. ಹಾಗೆ ಸುತ್ತು ಹಾಕುವುದಕ್ಕೆ ಸ್ಪ್ಯಾನಿಷ್ ನುಡಿಯಲ್ಲಿದ್ದ ದಾರ್ ಲಾ ವುಎಲ್ತಾ ಎಂಬ ಮಾತು ಇಂಗ್ಲಿಷಾಡುವ ಕೌಬಾಯ್ ಬಾಯಲ್ಲಿ ಸವೆದು ಡ್ಯಾಲಿ ಆಯಿತು. ನೂರಾರು ಕಿಲೋ ತೂಗುವ ಪ್ರಾಣಿ ಆ ಹಗ್ಗವನ್ನು ಜಗ್ಗಿದಾಗ ಎಳೆತವೆಲ್ಲ ಜೀನಿನ ಒಳಗಿನ ಮರದ ಚೌಕಟ್ಟಿಗೆ ಹೋಗುತ್ತದೆ. ಕುದುರೆಯ ಬೆನ್ನುಮೂಳೆಯನ್ನು ಮುಟ್ಟದಂತೆ ಅದರ ಎರಡೂ ಪಕ್ಕಕ್ಕೆ ಒರಗುವ ಎರಡು ಉದ್ದದ ಪಟ್ಟಿ, ಮುಂದೆ ಕವೆ, ಅದರ ಮೇಲೆ ಕೊಂಬು, ಹಿಂದೆ ಕ್ಯಾಂಟಲ್ ಎಂಬ ಒರಗು. ಇದಿಷ್ಟನ್ನೂ ಮರದಲ್ಲಿ ಜೋಡಿಸಿ, ಹದ ಮಾಡದ ಹಸಿ ತೊಗಲನ್ನು ನೆನೆಸಿ ಬಿಗಿಯಾಗಿ ಹೊದಿಸಿ ಹೊಲಿಯುತ್ತಾರೆ. ಒಣಗುತ್ತಾ ಅದು ಸಂಕುಚಿಸಿ ಮರವನ್ನು ಮುಷ್ಟಿಯಂತೆ ಹಿಡಿಯುತ್ತದೆ. ಮೊಳೆ ಮಾಡಲಾರದ ಕೆಲಸವನ್ನು ಈ ಒಣ ತೊಗಲು ಮಾಡುತ್ತದೆ. ಎಲ್ಲ ಮುಗಿದಾಗ ಜೀನು ಸಾಮಾನ್ಯವಾಗಿ 15ರಿಂದ 20 ಕಿಲೋ ತೂಗುತ್ತದೆ. ನಮ್ಮ ವಾದ ಇರುವುದು ಈ ಮರದ ಮೇಲೆ ಬರುವ ಹೊದಿಕೆಯ ಬಗ್ಗೆ.

ಹೊದಿಕೆಯ ತೊಗಲು ಎಂಥದೆಂದು ತಿಳಿಯದೆ ಮುಂದಿನ ಯಾವುದೂ ಅರ್ಥವಾಗುವುದಿಲ್ಲ. ದನದ ಚರ್ಮದಲ್ಲಿ ಕೂದಲಿದ್ದ ಹೊರಮೈ ತೆಳುವಾದ, ಒತ್ತಾದ ನೇಯ್ಗೆ; ಅಲ್ಲಿ ಕೂದಲ ಬೇರಿನ ರಂಧ್ರಗಳು ಕಾಣುತ್ತವೆ, ಮೈ ನುಣುಪು. ಅದರ ಕೆಳಗೆ, ಮಾಂಸದ ಕಡೆಗೆ ಹೋದಂತೆ, ದಪ್ಪ ದಪ್ಪ ನಾರುಗಳು ಅಡ್ಡಾದಿಡ್ಡಿ ಹೆಣೆದುಕೊಂಡ ಪದರ. ತೊಗಲಿನ ಬಲದ ಬಹುಪಾಲು ಇರುವುದು ಈ ಒಳಪದರದಲ್ಲಿ. ಹೊರಮೈಗಿರುವುದು ಮುಚ್ಚುವ, ಕಾಯುವ ಗುಣ. ಜೀನಿಗೆ ಬೇಕಾದದ್ದು ಮರದ ತೊಗಟೆಯ ಒಗರಿನಿಂದ ಹದಗೊಂಡ ದಪ್ಪ ತೊಗಲು. ಹಿಂದೆ ಅಮೆರಿಕದಲ್ಲಿ ಓಕ್ ತೊಗಟೆ. ಈಗ ದಕ್ಷಿಣ ಅಮೆರಿಕದ ಕೆಬ್ರಾಚೊ ಮರದ ಸಾರ, ವಾಟಲ್ ಮರದ ತೊಗಟೆಯ ಸಾರ. ನಮ್ಮ ಕಡೆ ತಂಗಡಿ ಗಿಡದ ತೊಗಟೆ, ಅಳಲೆಕಾಯಿ ಮಾಡುತ್ತಿದ್ದ ಕೆಲಸವೂ ಇದೇ. ಒಗರು ಒಂದೇ, ಗಿಡ ಬೇರೆ. ಸೇಂಟ್ ಲೂಯಿಸ್‌ನಲ್ಲಿ 1881ರಲ್ಲಿ ಶುರುವಾದ ಹರ್ಮನ್ ಓಕ್ ಹದಗಾರಿಕೆ ಈಗಲೂ ಜೀನುಗಾರರಿಗೆ ಇಂಥ ತೊಗಲು ಕೊಡುತ್ತಿದೆ. ಇದರ ದಪ್ಪವನ್ನು ಔನ್ಸಿನಲ್ಲಿ ಅಳೆಯುತ್ತಾರೆ: ಒಂದು ಔನ್ಸ್ ಎಂದರೆ ಅಂಗುಲದ 64ನೇ ಒಂದು ಪಾಲು. ಜೀನಿಗೆ ಬಳಸುವ 13ರಿಂದ 15 ಔನ್ಸಿನ ತೊಗಲು ಐದಾರು ಮಿಲಿಮೀಟರ್ ದಪ್ಪ ಎಂದಾಯಿತು. 1884ರಲ್ಲಿ ಅಗಸ್ಟಸ್ ಶುಲ್ಟ್ಸ್ ಎಂಬಾತ ನ್ಯೂಯಾರ್ಕ್‌ನಲ್ಲಿ ಕ್ರೋಮಿಯಂ ಲವಣದಿಂದ ಹದ ಮಾಡುವ ವಿಧಾನಕ್ಕೆ ಪೇಟೆಂಟ್ ಪಡೆದ ಮೇಲೆ ವಾರಗಟ್ಟಲೆಯ, ತಿಂಗಳುಗಟ್ಟಲೆಯ ಕೆಲಸ ದಿನಗಳಿಗೆ ಇಳಿಯಿತು; ಬೂಟು, ಕೈಚೀಲ, ಸೋಫಾ ಎಲ್ಲ ಅತ್ತ ಹೋದವು. ಜೀನು ಹೋಗಲಿಲ್ಲ. ಕ್ರೋಮ್ ತೊಗಲು ಮೆತ್ತಗೆ, ನೀರಿಗೆ ಅಷ್ಟಾಗಿ ಜಗ್ಗದು, ಒತ್ತಿದರೆ ರಬ್ಬರಿನಂತೆ ಹಿಂದಕ್ಕೆ ಪುಟಿಯುತ್ತದೆ. ತೊಗಟೆಯ ತೊಗಲು ನೀರು ಕುಡಿದಾಗ ಜೇಡಿಮಣ್ಣಿನಂತೆ ಬಾಗುತ್ತದೆ, ಒಣಗಿದಾಗ ಬಾಗಿದ ಹಾಗೆಯೇ ನಿಲ್ಲುತ್ತದೆ. ಒತ್ತಿದ ಅಚ್ಚನ್ನು ನೆನಪಿಡುವ ತೊಗಲು ಇದೊಂದೇ.

ಈಗ ಒರಟು ಮೈಯ ವಿಚಾರ. ರಫ್‌ಔಟ್ ಎಂದು ಅಲ್ಲಿ ಕರೆಯುವುದು ಬೇರೆ ಜಾತಿಯ ಚರ್ಮವನ್ನಲ್ಲ. ಇದೇ ತೊಗಲನ್ನು ಮಗುಚಿ, ಮಾಂಸದ ಮಗ್ಗುಲು ಹೊರಗೆ ಬರುವಂತೆ ಹೊದಿಸಿದ್ದನ್ನು. ಸ್ವೀಡ್ ಜೊತೆ ಇದನ್ನು ಬೆರೆಸುವವರು ಬಹಳ. ಸ್ವೀಡ್ ಎಂದರೆ ಸಾಮಾನ್ಯವಾಗಿ ತೊಗಲನ್ನು ಪದರ ಸೀಳಿ, ಹೊರಮೈ ತೆಗೆದ ಮೇಲೆ ಉಳಿಯುವ ತೆಳು ಒಳಪದರ. ರಫ್‌ಔಟ್‌ನಲ್ಲಿ ಹೊರಮೈ ಇದ್ದೇ ಇದೆ, ಒಳಗೆ ಮುಖ ಮಾಡಿಕೊಂಡು. ಎರಡನೇ ಮಹಾಯುದ್ಧದ ಕಾಲದ ಅಮೆರಿಕನ್ ಸೈನಿಕರ ಬೂಟುಗಳನ್ನೂ ಹೀಗೆ ಮಗುಚಿ ಹೊಲಿದದ್ದುಂಟು. ಗೀರು ಬಿದ್ದರೂ ಗೊತ್ತಾಗದು, ಬಲವೂ ಕಡಿಮೆಯಾಗದು ಎಂಬುದು ಅಲ್ಲಿನ ಲೆಕ್ಕ. ಜೀನಿನಲ್ಲಿ ಲೆಕ್ಕ ಇನ್ನೂ ಸೂಕ್ಷ್ಮ. ಹೊಸ ಜೀನಿನ ನುಣುಪಾದ ಹೊರಮೈ ಜಾರುತ್ತದೆ. ಜೀನ್ಸ್ ತೊಟ್ಟ ತೊಡೆ ಅದರ ಮೇಲೆ ನಿಲ್ಲಲು ತಿಂಗಳುಗಟ್ಟಲೆ ಸವಾರಿ ಬೇಕು. ಹಿಂಡಿನಿಂದ ಒಂದು ದನವನ್ನು ಬೇರ್ಪಡಿಸುವ ಕಟಿಂಗ್ ಕುದುರೆ ಎಡಕ್ಕೆ ಬಲಕ್ಕೆ ಬೆಕ್ಕಿನಂತೆ ನೆಗೆಯುವಾಗ ಮೇಲಿದ್ದವನಿಗೆ ಅಷ್ಟು ಕಾಲಾವಕಾಶ ಇರುವುದಿಲ್ಲ. ಒರಟು ಮೈ ಮೊದಲ ದಿನವೇ ಹಿಡಿಯುತ್ತದೆ. ಒದೆಯುವ ಕುದುರೆಯ ಮೇಲೆ ಎಂಟು ಸೆಕೆಂಡು ನಿಲ್ಲಬೇಕಾದ ಬ್ರಾಂಕ್ ಸವಾರನಂತೂ ಒರಟು ಸಾಲದೆಂದು ಜೀನಿಗೆ ರಾಳದ ಪುಡಿ ಉಜ್ಜುತ್ತಾನೆ. ಈ ಆಟದ ಜೀನಿಗೆ ಒಂದು ಅಳತೆ ಬೇಕೆಂದು 1920ರ ಆಸುಪಾಸಿನಲ್ಲಿ ಪೆಂಡಲ್ಟನ್, ಶಯಾನ್ ಮೊದಲಾದ ಊರುಗಳ ರೋಡಿಯೋ ಸಮಿತಿಗಳು ಒಂದು ಮಾದರಿಯನ್ನು ಒಪ್ಪಿಕೊಂಡವು, ಪೆಂಡಲ್ಟನ್‌ನ ಹ್ಯಾಮ್ಲಿ ಅಂಗಡಿ ಅದನ್ನು ಮಾಡಿತು. ಈಗಿನ ಬ್ರಾಂಕ್ ಜೀನಿಗೆ ಕೊಂಬೇ ಇಲ್ಲ. ಹಿಡಿದುಕೊಳ್ಳಲು ಏನೂ ಇಲ್ಲದ ಜೀನಿನಲ್ಲಿ ತೊಗಲಿನ ಮೈಯೇ ಹಿಡಿತ.

ನನ್ನ ವಾದಕ್ಕೆ ಇನ್ನೂ ಬಲವಾದ ಸಾಕ್ಷಿ ಇರುವುದು ಸೀಟಿನಲ್ಲಲ್ಲ, ಫೆಂಡರಿನಲ್ಲಿ. ಫೆಂಡರ್ ಎಂದರೆ ಸವಾರನ ಕಾಲಿಗೂ ಕುದುರೆಯ ಪಕ್ಕೆಗೂ ನಡುವೆ ತೂಗುವ ಅಗಲ ಪಟ್ಟಿ. ಅದರ ಕೆಳತುದಿಯಲ್ಲಿ ರಿಕಾಪು. ಇದು ಎರಡು ವಿರುದ್ಧ ಕೆಲಸ ಮಾಡಬೇಕು. ಹೊರಗಡೆ ಕಾಲನ್ನು ಹಿಡಿಯಬೇಕು. ಒಳಗಡೆ, ಹಾಸಿನ ಮೇಲೆ, ತಡೆಯಿಲ್ಲದೆ ಹಿಂದೆ ಮುಂದೆ ಜೀಕಬೇಕು, ಇಲ್ಲವಾದರೆ ಸವಾರ ಕಾಲು ಚಾಚಿದ ಕಡೆ ರಿಕಾಪು ಬರುವುದಿಲ್ಲ. ತೊಗಲನ್ನು ಮಗುಚಿ ಕತ್ತರಿಸಿದಾಗ ಈ ಎರಡೂ ಒಂದೇ ತುಂಡಿನಲ್ಲಿ ಸಿಗುತ್ತವೆ: ಕಾಲಿಗೆ ಒರಟು, ಹಾಸಿಗೆ ನುಣುಪು. ಯಾವ ಹೊಸ ವಸ್ತುವನ್ನೂ ತರದೆ, ಒಂದು ಪದರವನ್ನೂ ಸೇರಿಸದೆ, ಬರೀ ತಿರುವಿ ಹಾಕಿ ಸಮಸ್ಯೆ ಬಿಡಿಸಿದ್ದು ನನಗೆ ಈ ಕಸುಬಿನ ಅತಿ ಜಾಣ ಹೆಜ್ಜೆಯಾಗಿ ಕಾಣುತ್ತದೆ. ಅದನ್ನು ಯಾರು ಮೊದಲು ಮಾಡಿದರೋ, ಅವರಿಗೆ ಹೂ ಕೆತ್ತಿದವರಷ್ಟು ಹೆಸರು ಸಿಗಲಿಲ್ಲ.

ಇದಕ್ಕೆ ಎರಡು ಆಕ್ಷೇಪ ಬರುತ್ತವೆ, ಎರಡರಲ್ಲೂ ಒಂದಿಷ್ಟು ನಿಜವಿದೆ. ಒರಟು ಜೀನು ಸೋಮಾರಿಯ ಜೀನು, ಅಚ್ಚಿನ ಕೆಲಸ ಉಳಿಸಲು, ತೊಗಲಿನ ದೋಷ ಮುಚ್ಚಲು ಮಾಡಿದ್ದು ಎನ್ನುವುದು ಮೊದಲನೆಯದು. ಮುಳ್ಳುತಂತಿ ಗೀರಿದ ಕಲೆ, ಉಣ್ಣೆ ಕಚ್ಚಿದ ಗುರುತು, ಬರೆ ಎಳೆದ ಮುದ್ರೆ, ಎಲ್ಲವೂ ಹೊರಮೈಯಲ್ಲಿರುತ್ತವೆ. ಮಗುಚಿದರೆ ಅವು ಒಳಗೆ ಅಡಗುತ್ತವೆ, ಕೂಲಿಯೂ ಉಳಿಯುತ್ತದೆ, ಹೌದು. ಆದರೆ ಮಾಂಸದ ಮಗ್ಗುಲು ತನ್ನದೇ ಪರೀಕ್ಷೆ ಇಡುತ್ತದೆ. ಬೆನ್ನಿನ ಕಡೆಯ ತೊಗಲು ಗಟ್ಟಿ, ಹೊಟ್ಟೆಯ ಕಡೆಯದು ಸಡಿಲ, ಎಳೆದರೆ ಹಿಗ್ಗುವಂಥದು. ಸಡಿಲ ತೊಗಲನ್ನು ಅಚ್ಚಿನ ಕೆಳಗೆ ಕೆಲಕಾಲ ಮರೆಸಬಹುದು. ಒರಟು ಮೈಯಲ್ಲಿ ಮರೆಸಲಾಗದು, ಒಂದು ಮಳೆಗಾಲಕ್ಕೆ ಅದು ಹಳೆಯ ಕಂಬಳಿಯಂತೆ ನಾರು ಬಿಚ್ಚಿ ನಿಲ್ಲುತ್ತದೆ. ಎರಡನೆಯ ಆಕ್ಷೇಪ, ಹಿಡಿತ ಹೆಚ್ಚಾದಷ್ಟೂ ಒಳ್ಳೆಯದು ಎನ್ನುವುದಾದರೆ ಇಡೀ ಜೀನನ್ನೇ ಯಾಕೆ ಒರಟಾಗಿ ಮಾಡಬಾರದು ಎಂಬುದು. ಮಾಡುವವರಿದ್ದಾರೆ. ಆದರೆ ಒರಟು ಮೈ ನೀರು, ಬೆವರು, ಧೂಳು ಎಲ್ಲವನ್ನೂ ಹೀರುತ್ತದೆ, ಒರೆಸಿದರೆ ಹೋಗುವುದಿಲ್ಲ. ಮಳೆ ಬೀಳುವ, ಹಗ್ಗ ಉಜ್ಜುವ, ಕುದುರೆಯ ಬೆವರು ತಾಗುವ ಜಾಗದಲ್ಲಿ ಮುಚ್ಚಿದ ಹೊರಮೈಯೇ ಮೇಲು. ದಿನವಿಡೀ ಕೂತವನು ಆಗಾಗ ಮಗ್ಗುಲು ಬದಲಿಸಬೇಕು; ಅಂಟಿ ಹಿಡಿದ ಸೀಟು ಅದಕ್ಕೆ ಬಿಡುವುದಿಲ್ಲ, ಚರ್ಮ ತರಚುತ್ತದೆ. ಎಲ್ಲಿ ಒರಟು, ಎಲ್ಲಿ ನುಣುಪು ಎಂಬುದಕ್ಕೆ ಎಲ್ಲರಿಗೂ ಸಲ್ಲುವ ಒಂದೇ ಉತ್ತರವಿಲ್ಲ. ಅದಕ್ಕೇ ಜೀನುಗಾರ ಮೊದಲು ಕೇಳುವುದು ಬಣ್ಣವನ್ನಲ್ಲ, ನೀನು ಕುದುರೆಯ ಮೇಲೆ ಕೂತು ಏನು ಕೆಲಸ ಮಾಡುತ್ತೀ ಎಂದು.

ಇನ್ನು ಅಚ್ಚು. ಚರ್ಮ ಹದ ಮಾಡುವುದು ಎನ್ನುತ್ತೇವೆ. ಹೊಲ ಹದಕ್ಕೆ ಬಂತು ಎನ್ನುತ್ತೇವೆ. ಪಾಕ ಹದ ತಪ್ಪಿತು ಎಂದೂ ಎನ್ನುತ್ತೇವೆ. ಅಚ್ಚೊತ್ತುವ ಕೆಲಸದಲ್ಲಿ ಈ ಮೂರೂ ಅರ್ಥ ಒಟ್ಟಿಗೆ ಬರುತ್ತವೆ. ತೊಗಟೆಯಲ್ಲಿ ಒಮ್ಮೆ ಹದಗೊಂಡ ತೊಗಲನ್ನು ಜೀನುಗಾರ ಮತ್ತೆ ನೀರಿನಿಂದ ಹದಕ್ಕೆ ತರುತ್ತಾನೆ. ನೆನೆಸಿ, ಸುತ್ತಿಟ್ಟು, ನೀರು ಒಳಗಿನ ತನಕ ಇಳಿದು ಮೇಲ್ಮೈಯ ಬಣ್ಣ ಮೊದಲಿನ ತಿಳಿಗೆ ಮರಳುವ ತನಕ ಕಾಯಬೇಕು. ನೋಡಲು ಒಣಗಿದಂತೆ, ಕೆನ್ನೆಗೆ ಒತ್ತಿದರೆ ತಣ್ಣಗೆ: ಅದು ಸರಿಯಾದ ಗಳಿಗೆ. ಬೇಗ ಹೊಡೆದರೆ ಅಚ್ಚು ಕೆಸರಿನಲ್ಲಿ ಒತ್ತಿದಂತೆ ಮೆತ್ತಗಾಗಿ ಮಾಸುತ್ತದೆ. ತಡವಾದರೆ ತೊಗಲು ಒಪ್ಪಿಕೊಳ್ಳುವುದಿಲ್ಲ. ಹದ ಸಿಕ್ಕಿದರೆ ಅಚ್ಚು ಬಿದ್ದ ತಗ್ಗಿನಲ್ಲಿ ಸುಟ್ಟಂಥ ಗಾಢ ಕಂದು ತಾನಾಗಿ ಮೂಡುತ್ತದೆ, ಬಣ್ಣ ಹಚ್ಚದೆ. ಬುಟ್ಟಿ ಅಚ್ಚಿನ ಒಂದು ಮುದ್ರೆ ಅರ್ಧ ಅಂಗುಲ ಉದ್ದ, ಕಾಲು ಅಂಗುಲ ಅಗಲ ಎಂದಿಟ್ಟುಕೊಳ್ಳಿ. ಒಂದು ಚದರ ಅಡಿ ತುಂಬಲು 1152 ಏಟು ಬೇಕು, ಅದೂ ಒಂದರ ಕಾಲು ಇನ್ನೊಂದರ ಮೇಲೆ ಕೂರುವುದನ್ನು ಬಿಟ್ಟು ಹಾಕಿದ ಲೆಕ್ಕ. ಮೊದಲ ಸಾಲು ಒಂದೇ ಒಂದು ಡಿಗ್ರಿ ಓರೆಯಾದರೆ ಒಂದು ಅಡಿ ಸಾಗುವಷ್ಟರಲ್ಲಿ ಐದು ಮಿಲಿಮೀಟರಿಗೂ ಹೆಚ್ಚು ತಪ್ಪಿರುತ್ತದೆ, ಹೆಚ್ಚುಕಡಿಮೆ ಒಂದು ಮುದ್ರೆಯ ಅಗಲದಷ್ಟು. ಅಳಿಸಲು ಸಾಧ್ಯವಿಲ್ಲ. ಐದಾರು ಮಿಲಿಮೀಟರ್ ದಪ್ಪದ, ದುಬಾರಿ ತೊಗಲು ಅಲ್ಲಿಗೆ ಮುಗಿಯಿತು.

ಸಪಾಟು ಹಲಗೆಯ ಮೇಲೆ ಇಷ್ಟು ಮಾಡುವುದನ್ನು ಅಭ್ಯಾಸದಿಂದ ಯಾರಾದರೂ ಕಲಿತಾರು. ಜೀನಿನಲ್ಲಿ ಸಪಾಟು ಜಾಗ ಕಡಿಮೆ. ಮುಂದಿನ ಕವೆಯ ಮೇಲೆ ತೊಗಲನ್ನು ನೆನೆಸಿ, ಕೊಂಬಿನ ಸುತ್ತ ಬಿಡಿಸಿ, ಎರಡೂ ಉಬ್ಬುಗಳ ಮೇಲೆ ನಿರಿಗೆ ಬೀಳದಂತೆ ಎಳೆದು ಕೂರಿಸಬೇಕು. ಉಬ್ಬು ತೀರ ಅಗಲವಿದ್ದರೆ ಒಂದು ಕಡೆ ಸೀಳಿ ಹೊಲಿಯುತ್ತಾರೆ. ಮೊದಲೇ ಅಚ್ಚೊತ್ತಿ ಆಮೇಲೆ ಎಳೆದರೆ ಬುಟ್ಟಿಯ ಹೆಣಿಗೆ ಒಂದು ಕಡೆ ಹಿಗ್ಗಿ ಇನ್ನೊಂದು ಕಡೆ ಕುಗ್ಗಿ ಸೊಟ್ಟಗಾಗುತ್ತದೆ. ಅಚ್ಚು ಹೊಡೆದಂತೆ ತೊಗಲೂ ಹರಡಿಕೊಳ್ಳುತ್ತದೆ, ಅಳತೆ ಕೆಡುತ್ತದೆ. ಹಾಗಾಗಿ ಮೊದಲು ಮರದ ಮೇಲೆ ಕೂರಿಸಿ ಆಕಾರ ಹಿಡಿಸಿ, ಆಮೇಲೆ ಅಚ್ಚಿನ ಕೆಲಸ, ಮತ್ತೆ ಕೂರಿಸುವುದು. ಉಬ್ಬಿನ ಮೇಲೆ ಹಾಯುವಾಗ ಸಾಲುಗಳು ನೇರ ಹೋಗಲಾರವು. ಒಂದೊಂದು ಏಟಿನಲ್ಲೂ ಕೂದಲೆಳೆಯಷ್ಟು ತಿರುವಿ, ಎಡದ ಉಬ್ಬಿನ ಸಾಲೂ ಬಲದ ಉಬ್ಬಿನ ಸಾಲೂ ಕೊಂಬಿನ ಬುಡದಲ್ಲಿ ಸಂಧಿಸುವಾಗ ಜಗಳವಾಡದಂತೆ ಮಾಡಬೇಕು. ಒಳ್ಳೆಯ ಜೀನುಗಾರನನ್ನು ಸಾಧಾರಣನಿಂದ ಬೇರ್ಪಡಿಸಿ ನೋಡಬೇಕಾದವರು ಹೂವುಗಳನ್ನು ಬಿಟ್ಟು ಈ ಕೂಡುಜಾಗವನ್ನು ನೋಡಬೇಕು.

ಅಚ್ಚಿಗೆ ಕೆಲಸವಿದೆಯೇ, ಅಥವಾ ಇದೆಲ್ಲ ಮೇಲೆ ಥಳುಕು ಒಳಗೆ ಹುಳುಕಿನ ಬಗೆಯೇ? ಇಲ್ಲಿ ಉತ್ಪ್ರೇಕ್ಷೆ ಬೇಡ. ಅಚ್ಚೊತ್ತಿದ ಮೈ ಒರಟು ಮೈಯಷ್ಟು ಹಿಡಿಯುತ್ತದೆ ಎಂದು ಹೇಳುವುದು ಮಾರಾಟದ ಮಾತು. ಆದರೆ ಬರೀ ನುಣುಪಿಗಿಂತ ಅದು ಮೇಲು, ಏಕೆಂದರೆ ಸಾವಿರಾರು ಸಣ್ಣ ಏಣುಗಳು ಬಟ್ಟೆಗೆ ತಡೆ ಕೊಡುತ್ತವೆ. ಮುಳ್ಳುಪೊದೆ, ತಂತಿ, ಹಗ್ಗ ಉಜ್ಜಿದ ಗೀರು ನುಣುಪಾದ ಮೈಯಲ್ಲಿ ಮುಖದ ಮೇಲಿನ ಗಾಯದಂತೆ ಕಾಣುತ್ತದೆ, ಹೆಣಿಗೆಯ ನಡುವೆ ಕಳೆದುಹೋಗುತ್ತದೆ. ಇಷ್ಟು ಬುಟ್ಟಿ ಅಚ್ಚಿನ ಪಾಲು. ಹೂಬಳ್ಳಿಯ ಕೆತ್ತನೆಗೆ ಈ ಸಮರ್ಥನೆ ಪೂರ್ತಿ ಸಾಲದು. ವಯೋಮಿಂಗಿನ ಶೆರಿಡನ್ ಊರಿನಲ್ಲಿ ಡಾನ್ ಕಿಂಗ್ (1923–2007) ಮತ್ತು ಅವನ ಜೊತೆಗಾರರು ಬೆಳೆಸಿದ ಶೈಲಿಯಲ್ಲಿ ಸಣ್ಣ ಸಣ್ಣ ಕಾಡುಹೂಗಳು ಸುತ್ತು ಸುತ್ತಾಗಿ ಹರಿಯುವ ಬಳ್ಳಿಗಳ ಒಳಗೆ ಒತ್ತಾಗಿ ಕೂತಿರುತ್ತವೆ. ಅಷ್ಟು ಹೂ ಬೇಕೆಂದು ಯಾವ ಹೋರಿಯೂ ಕೇಳಲಿಲ್ಲ. ಇದಕ್ಕೆ ಸ್ವಿವೆಲ್ ಚಾಕುವಿನಿಂದ ಹೊರಮೈಯನ್ನು ಮೊದಲು ಕೊಯ್ಯಬೇಕು, ಆಮೇಲೆ ಕೊಯ್ದ ಅಂಚನ್ನು ಒತ್ತಿ ಹೂವನ್ನು ಎಬ್ಬಿಸಬೇಕು. ಕೊಯ್ದ ಮೈ ಕೊಯ್ಯದ ಮೈಯಷ್ಟು ಗಟ್ಟಿಯಲ್ಲ, ಒಪ್ಪೋಣ. ಆದರೆ ಹೂಗಳು ಎಲ್ಲಿವೆ ಎಂದು ನೋಡಿ. ಹಾಸಿನ ಮೇಲಿವೆ, ಕವೆಯ ಮೇಲಿವೆ, ಕ್ಯಾಂಟಲಿನ ಬೆನ್ನಲ್ಲಿವೆ. ಇಡೀ ಸವಾರನನ್ನು ಹೊರುವ ರಿಕಾಪಿನ ಪಟ್ಟಿಯಲ್ಲಿ ಇಲ್ಲ. ಕುದುರೆಯ ಹೊಟ್ಟೆಗೆ ಬಿಗಿಯುವ ಲ್ಯಾಟಿಗೊ ಪಟ್ಟಿಯಲ್ಲಿ ಇಲ್ಲ. ಕೂತು ಕೂತು ಉಜ್ಜಿಹೋಗುವ ಸೀಟಿನ ನಡುವೆ ಸಾಮಾನ್ಯವಾಗಿ ಇಲ್ಲ. ಅಲಂಕಾರ ಬಂದದ್ದು ಕೆಲಸಕ್ಕಲ್ಲದಿದ್ದರೂ ಅದು ಕೂತ ಜಾಗವನ್ನು ಆರಿಸಿದ್ದು ಕೆಲಸ. ಹೂವು ಜೀನಿನ ಮಾತು ಕೇಳುತ್ತದೆ ಎನ್ನುವಷ್ಟೇ ನನ್ನ ವಾದಕ್ಕೆ ಸಾಕು.

ದುಡಿಯುವವನಿಗೆ ಈ ಶೋಕಿ ಯಾಕೆ ಎಂಬ ಮಾತು ಹಳೆಯದು. 1880ರ ದಶಕದಲ್ಲಿ ತಿಂಗಳಿಗೆ 30–40 ಡಾಲರ್ ಪಡೆಯುತ್ತಿದ್ದ ಕೌಬಾಯ್ ಒಂದು ತಿಂಗಳ ಸಂಬಳವನ್ನೋ ಅದಕ್ಕಿಂತ ಹೆಚ್ಚನ್ನೋ ಜೀನಿಗೆ ಸುರಿಯುತ್ತಿದ್ದ. ಕುದುರೆ ಸಾಮಾನ್ಯವಾಗಿ ಯಜಮಾನನದು, ಜೀನು ಮಾತ್ರ ತನ್ನದು. ಜೀನು ಮಾರಿದ ಎಂದರೆ ಅವರ ಮಾತಿನಲ್ಲಿ ಆ ಮನುಷ್ಯ ಮುಗಿದ ಎಂದು ಅರ್ಥ. ನಮ್ಮಲ್ಲಿ ನೇಗಿಲು ಮಾರಿದ ಎಂದಂತೆ. ವರ್ಷಗಟ್ಟಲೆ ದಿನಕ್ಕೆ ಹತ್ತು ಹನ್ನೆರಡು ತಾಸು ಯಾವುದರ ಮೇಲೆ ಕೂರುತ್ತಾನೋ, ತನ್ನದೆಂದು ಇರುವ ಒಂದೇ ದೊಡ್ಡ ಆಸ್ತಿ ಯಾವುದೋ, ಅದರ ಮೇಲೆ ಒಂದಿಷ್ಟು ಹೂವು ಬೇಕೆನಿಸಿದರೆ ಅದನ್ನು ಶೋಕಿ ಎನ್ನಲು ನನಗೆ ಮನಸ್ಸಿಲ್ಲ. ಅಲಂಕಾರವಿಲ್ಲದ ಜೀನು ಹೇಗಿರುತ್ತದೆ ಎಂಬುದಕ್ಕೂ ಅಮೆರಿಕದ ಬಳಿ ಉದಾಹರಣೆ ಇದೆ. 1859ರಲ್ಲಿ ಅಲ್ಲಿನ ಸೈನ್ಯ ಒಪ್ಪಿಕೊಂಡ ಮೆಕ್ಲೆಲನ್ ಜೀನಿನ ಮೊದಲ ಮಾದರಿಗಳಲ್ಲಿ ಸೀಟಿಗೆ ಹದ ಮಾಡಿದ ತೊಗಲಿನ ಹೊದಿಕೆಯೇ ಇರಲಿಲ್ಲ. ಮರದ ಮೇಲಿನ ಹಸಿ ತೊಗಲೇ ಕೂರುವ ಜಾಗ. ಆ ತೊಗಲು ಬಿರಿದು ಸವಾರರ ತೊಡೆ ಕೊಯ್ಯತೊಡಗಿದ ಮೇಲೆ ಸರ್ಕಾರ ಅದರ ಮೇಲೆ ಇನ್ನೊಂದು ಹೊದಿಕೆ ಹಾಕಿಸಿತು. ಬೇಡವೆಂದು ತೆಗೆದುಹಾಕಿದ್ದು ಬೇಕಾದದ್ದೇ ಆಗಿರಬಹುದು ಎಂದು ಲೆಕ್ಕಪತ್ರದ ಕಚೇರಿಗಳಿಗೆ ಯಾವಾಗಲೂ ತಡವಾಗಿ ಗೊತ್ತಾಗುತ್ತದೆ.

ಈಗ ಅತಿ ಗಟ್ಟಿ ಆಕ್ಷೇಪ: ಇದೆಲ್ಲವನ್ನೂ ಯಂತ್ರ ಮಾಡುತ್ತದಲ್ಲ? ಕಾದ ಅಚ್ಚುಫಲಕದ ಕೆಳಗೆ ತೊಗಲಿಟ್ಟು ಒತ್ತಿದರೆ ಒಂದೇ ನಿಮಿಷದಲ್ಲಿ ಬುಟ್ಟಿ ಹೆಣಿಗೆಯೂ ಬರುತ್ತದೆ, ಹೂಬಳ್ಳಿಯೂ ಬರುತ್ತದೆ. ಬರುತ್ತದೆ, ಆದರೆ ತೊಗಲು ಯಾವ ಆಕಾರಕ್ಕೆ ಹೋಗಲಿದೆ ಎಂದು ಫಲಕಕ್ಕೆ ಗೊತ್ತಿಲ್ಲ. ಹೂವೊಂದು ಅಂಚಿನಲ್ಲಿ ಅರ್ಧಕ್ಕೆ ಕತ್ತರಿಸಿಹೋಗುತ್ತದೆ, ಉಬ್ಬಿನ ಮೇಲೆ ಎಳೆದಾಗ ಬಳ್ಳಿ ಸೊಟ್ಟಗಾಗುತ್ತದೆ. ಹಾಗೆಂದು ಯಂತ್ರವೇ ಪಾಪ ಎನ್ನುವ ಪಕ್ಷ ನನ್ನದಲ್ಲ. ಹೆಸರಾಂತ ಜೀನುಗಾರರೂ ಹಾಸಿನ ಉದ್ದದ ಹೊಲಿಗೆಯನ್ನು ಯಂತ್ರದಲ್ಲಿ ಹಾಕುತ್ತಾರೆ. ಕೈ ಹೊಲಿಗೆಯನ್ನು ಕ್ಯಾಂಟಲಿನ ಅಂಚಿನಂಥ ಜಾಗಕ್ಕೆ ಮೀಸಲಿಡುತ್ತಾರೆ, ಯಂತ್ರದ ಸೂಜಿ ಅಲ್ಲಿಗೆ ಹೋಗುವುದು ಕಷ್ಟ ಎಂದು. ಅಲ್ಲಿ ಒಂದೇ ದಾರದ ಎರಡು ತುದಿಗೆ ಎರಡು ಸೂಜಿ, ಪ್ರತಿ ತೂತಿನಲ್ಲೂ ಎರಡೂ ಎದುರುಬದುರಾಗಿ ಹಾಯುತ್ತವೆ. ಒಂದು ಕಡೆ ದಾರ ಸವೆದು ತುಂಡಾದರೂ ಇನ್ನೊಂದು ಎಳೆ ಹಿಡಿದಿರುತ್ತದೆ. ಎಲ್ಲಿ ಯಂತ್ರ, ಎಲ್ಲಿ ಕೈ ಎಂಬುದೂ ಎಲ್ಲಿ ಒರಟು, ಎಲ್ಲಿ ಅಚ್ಚು ಎಂಬಂಥದೇ ತೀರ್ಮಾನ.

ಕೈಗೆ ಪೂಜೆ ಸಲ್ಲಿಸುವವರಿಗೆ ಕಾನ್ಪುರವನ್ನು ನೆನಪಿಸಬೇಕು. ಬ್ರಿಟಿಷರು 19ನೇ ಶತಮಾನದ ಉತ್ತರಾರ್ಧದಲ್ಲಿ ಅಲ್ಲಿ ಕುದುರೆ ಸರಂಜಾಮಿನ ಸರ್ಕಾರಿ ಕಾರ್ಖಾನೆ ತೆರೆದಂದಿನಿಂದ ಆ ಊರು ಜೀನು ಹೊಲಿಯುತ್ತಲೇ ಇದೆ. ಅಮೆರಿಕದ ಪೇಟೆಗೆ ಹೋಗುವ ಅಗ್ಗದ ವೆಸ್ಟರ್ನ್ ಜೀನುಗಳಲ್ಲಿ ಒಂದು ಪಾಲು ಇಂದು ಅಲ್ಲಿಂದಲೇ ಹೋಗುತ್ತದೆ. ಅವುಗಳ ಮೇಲಿನ ಅಚ್ಚನ್ನು ಹೊಡೆದದ್ದೂ ಎಷ್ಟೋ ಸಲ ಮನುಷ್ಯನ ಕೈಯೇ. ಕೈಕೆಲಸ ಎಂಬ ಒಂದೇ ಮಾತಿನಿಂದ ಬೆಲೆ ಕಟ್ಟುವುದಾದರೆ ಕಾನ್ಪುರದ ಜೀನಿಗೂ ವಯೋಮಿಂಗಿನ ಜೀನಿಗೂ ವ್ಯತ್ಯಾಸ ಇರಬಾರದಿತ್ತು. ವ್ಯತ್ಯಾಸ ಇದೆ, ಅದು ಕೈಚಳಕದ ಕೊರತೆಯಲ್ಲ. ದೂರದ ಆರ್ಡರಿಗೆ, ನಿಗದಿಯಾದ ದರಕ್ಕೆ, ಕೊಟ್ಟ ಮಾದರಿಯಂತೆ ಕೆಲಸ ಮಾಡುವವನು ಆ ಕುದುರೆಯ ಬೆನ್ನನ್ನು ಕಾಣುವುದಿಲ್ಲ, ಸವಾರನ ತೊಡೆಯ ಉದ್ದ ಅವನಿಗೆ ಗೊತ್ತಿರುವುದಿಲ್ಲ, ಈ ತೊಗಲು ಸಡಿಲವಾಗಿದೆ, ಬದಲಿಸೋಣ ಎನ್ನುವ ಅಧಿಕಾರವೂ ಅವನಿಗಿಲ್ಲ. ಅವನ ಕೈಯನ್ನು ಕೊಂಡಿದ್ದಾರೆ, ತೀರ್ಮಾನವನ್ನು ಕೊಂಡಿಲ್ಲ. ಅದೇ ಮನುಷ್ಯನಿಗೆ ತೊಗಲು ಆರಿಸುವ ಹಕ್ಕು, ಸವಾರನನ್ನು ಎದುರು ಕೂರಿಸಿಕೊಂಡು ಮಾತಾಡುವ ಅವಕಾಶ ಕೊಟ್ಟು ನೋಡಿದರೆ ಫಲ ಬೇರೆ ಆದೀತು. ಅಮೆರಿಕದ ರಾಷ್ಟ್ರೀಯ ಕಲಾ ದತ್ತಿ ಸಂಸ್ಥೆ ಜನಪದ ಕಲಾವಿದರಿಗೆ ಗೌರವ ಕೊಡಲು ಶುರುಮಾಡಿದ 1982ರಲ್ಲೇ ಪೆಂಡಲ್ಟನ್‌ನ ಡಫ್ ಸೆವೆರ್ ಎಂಬ ಜೀನುಗಾರನನ್ನು, 2008ರಲ್ಲಿ ಐಡಹೊದ ಡೇಲ್ ಹಾರ್ವುಡ್‌ನನ್ನು ಆರಿಸಿತು. ಹಾಡುಗಾರರ, ವಾದ್ಯಗಾರರ ಪಟ್ಟಿಯಲ್ಲಿ ಜೀನುಗಾರನ ಹೆಸರು ಸೇರಿದ್ದನ್ನು ಕುಶಲತೆಗಷ್ಟೇ ಸಂದ ಮಾನವೆಂದು ನಾನು ಓದುವುದಿಲ್ಲ. ಹಾಡುಗಾರನಂತೆ ಅವರೂ ಎದುರಿಗಿರುವವರನ್ನು ನೋಡಿ ಕಟ್ಟಿದವರು.

ಕುದುರೆಯ ಪರವಾಗಿ ಒಂದು ಮಾತು ಉಳಿಯಿತು. ಅದಕ್ಕೆ ಒರಟೂ ಕಾಣದು, ಹೂವೂ ಕಾಣದು. ಅದಕ್ಕೆ ಗೊತ್ತಿರುವುದು ಮರದ ಪಟ್ಟಿ ತನ್ನ ಬೆನ್ನಿಗೆ ಹೊಂದುತ್ತದೆಯೇ ಎಂಬುದು ಮಾತ್ರ. ಪಟ್ಟಿ ಹೊಂದದಿದ್ದರೆ ಮೇಲಿನ ಯಾವ ಕಲೆಯೂ ಅದರ ನೋವಿಗೆ ಔಷಧವಲ್ಲ. ಇಲ್ಲಿ ನನ್ನ ವಾದ ಹಿಂದೆ ಸರಿಯುತ್ತದೆ, ಸರಿಯಲೇಬೇಕು. ನೈಲಾನ್ ಹೊದಿಸಿದ, ಎತ್ತಲು ಹಗುರಾದ ಸಿಂಥೆಟಿಕ್ ಜೀನು ಚೆನ್ನಾಗಿ ಹೊಂದುವುದಾದರೆ ವಾರಕ್ಕೊಮ್ಮೆ ಸವಾರಿ ಹೋಗುವವನಿಗೆ ಅದೇ ಸರಿ, ಅದರಲ್ಲಿ ನಾಚಿಕೆಪಡುವುದೇನಿಲ್ಲ. ಆದರೆ ಮೇಲಿನವನು ನೆಟ್ಟಗೆ ಕೂರದೆ ಪ್ರತಿ ತಿರುವಿಗೂ ಒಂದು ಕಡೆ ವಾಲಿದರೆ ಆ ಭಾರ ಬೀಳುವುದೂ ಅದೇ ಬೆನ್ನಿನ ಮೇಲೆ. ಸೀಟು ಹಿಡಿದು ನಿಲ್ಲಿಸಿದ ಸವಾರ ಕುದುರೆಗೆ ಹಗುರ. ತೊಗಲಿನ ಮೈಯ ಪ್ರಶ್ನೆ ಕುದುರೆಗೆ ತಲುಪುವುದು ಹೀಗೆ ಬಳಸುದಾರಿಯಲ್ಲಿ.

ಒರಟು ಒರಟಾಗಿ, ಅಚ್ಚು ಅಚ್ಚಾಗಿ ಕೊನೆತನಕ ಉಳಿಯುವುದಿಲ್ಲ ಎನ್ನುವುದು ಮಾತ್ರ ಯಾವ ಜೀನುಗಾರನೂ ತಪ್ಪಿಸಲಾಗದ ಸಂಗತಿ. ವರ್ಷಗಟ್ಟಲೆ ಉಜ್ಜಿದ ಒರಟು ಸೀಟಿನ ನಾರುಗಳು ಮಲಗಿ, ಬೆವರು ಎಣ್ಣೆ ಕುಡಿದು, ಕಪ್ಪಗೆ ಹೊಳೆಯತೊಡಗುತ್ತವೆ. ಮೊಣಕಾಲು ತಾಗುವ ಅಂಚಿನಲ್ಲಿ ಬುಟ್ಟಿಯ ಹೆಣಿಗೆ ಸವೆದು ಸಪಾಟಾಗುತ್ತದೆ, ಒಂದು ಅಂಗುಲ ಆಚೆ ಮೊದಲ ದಿನದಂತೆಯೇ ಚೂಪಾಗಿ ಉಳಿದಿರುತ್ತದೆ. ಹಳೆಯ ಜೀನು ಕೊಳ್ಳುವವರು ಈ ಸವೆತವನ್ನು ಓದುತ್ತಾರೆ: ಸವಾರ ಒಂದೇ ಕಡೆ ವಾಲುತ್ತಿದ್ದನೇ, ಹಗ್ಗ ಕೊಂಬಿನಿಂದ ಯಾವ ಕಡೆಗೆ ಇಳಿಯುತ್ತಿತ್ತು, ಜೀನುಗಾರ ಒರಟು ಮೈಯನ್ನು ಸರಿಯಾದ ಜಾಗದಲ್ಲಿ ನಿಲ್ಲಿಸಿದ್ದನೇ, ಅಥವಾ ಎರಡು ಬೆರಳು ಆಚೀಚೆ ಮಾಡಿದ್ದನೇ. ದುರಸ್ತಿಗೆಂದು ಕ್ಯಾಂಟಲಿನ ಹಿಂದಿನ ಒರಟು ತುಂಡಿನ ಕಟ್ಟು ಬಿಚ್ಚಿ ಮಗುಚಿದರೆ ಅದರ ಅಡಿಯಲ್ಲಿ ತೊಗಲಿನ ಹೊರಮೈ ಇರುತ್ತದೆ. ಅದಕ್ಕೆ ಬಿಸಿಲು ಬಿದ್ದಿಲ್ಲ, ಬಟ್ಟೆ ತಾಗಿಲ್ಲ. ತೊಗಟೆಯ ನೀರಿನಿಂದ ಎತ್ತಿದಾಗಿನ ತಿಳಿ ಬಣ್ಣ, ಕೂದಲ ರಂಧ್ರಗಳು, ಒಮ್ಮೊಮ್ಮೆ ಆ ದನ ಬದುಕಿದ್ದಾಗ ತಂತಿಗೆ ಉಜ್ಜಿಕೊಂಡ ಒಂದು ಗೀರು.